ಸ್ವಾಮಿಯ ಕೈಗೆ ಸಿಕ್ಕ ಸುಬೈತಿ

ಚಳಿಗಾಲ ಬಂತೆಂದರೆ ಬಹರೈನಿನಲ್ಲಿ ಎರಡು ಸಂಗತಿ ತಪ್ಪದೆ ನಡೆಯುತ್ತಿದ್ದವು. ಒಂದು, ಮನೆಮನೆಯ ಎಸಿಗಳು ಬಾಯಿ ಮುಚ್ಚುವುದು. ಇನ್ನೊಂದು, ಮುಹಮ್ಮದ್ ಶರೀಫ್ ಮತ್ತು ಪ್ರೇಮನಾಥ ಗಾಳದ ಕೋಲು ಹೆಗಲಿಗೇರಿಸಿ ‘ಕೆರೆ’ಗೆ ಹೊರಡುವುದು.

ಕೆರೆ ಎಂದದ್ದು ಅವರು ಮಾತ್ರ. ನಿಜಕ್ಕೆ ಅದು ಸಮುದ್ರವೇ. ಸಿತ್ರಾ ಕಡೆ ಸಮುದ್ರಕ್ಕೆ ಮಣ್ಣು ತುಂಬಿಸಿ ನೆಲ ಮಾಡುವಾಗ ಮೂರು ಬದಿಗೆ ಕಲ್ಲಿನ ಕಟ್ಟೆ ಎದ್ದು, ನಡುವೆ ಒಂದಿಷ್ಟು ನೀರು ಅಲೆಯಿಲ್ಲದೆ ಸುಮ್ಮನೆ ಬಿದ್ದುಕೊಂಡಿತ್ತು. ಮೊದಲ ದಿನ ಅದನ್ನು ನೋಡಿದ ಶರೀಫ್ ‘ಇದೆಂತ ಮಾರಾಯ, ನಮ್ಮೂರ ಕೆರೆ ಹಾಗೆ ಉಂಟಲ್ಲ’ ಅಂದಿದ್ದ. ಅಂದಿನಿಂದ ಅದು ಕೆರೆ. ನೀರು ತಣ್ಣಗಾದ ಮೇಲೆ ಸುಬೈತಿ ಎಂಬ ಬೂದುಬೆಳ್ಳಿ ಬಣ್ಣದ ದೊಡ್ಡ ಮೀನು ಮೊಟ್ಟೆಯಿಡಲು ದಡದ ಹತ್ತಿರ ಬರುತ್ತದೆ. ಕಲ್ಲುಕಟ್ಟೆಯ ಬುಡದಲ್ಲಿ ಸುತ್ತಾಡುತ್ತದೆ. ಗಾಳ ಹಾಕುವವರ ನಿದ್ದೆ ಕೆಡಿಸುತ್ತದೆ.

ಸುತ್ತಾಡುತ್ತದೆ ಎಂದದ್ದೂ ಬೇರೆಯವರು ಹೇಳಿ ಕೇಳಿದ್ದು. ಇವರಿಬ್ಬರ ಗಾಳಕ್ಕೆ ಇಷ್ಟು ವರ್ಷದಲ್ಲಿ ಒಂದೇ ಒಂದು ದೊಡ್ಡ ಸುಬೈತಿ ಬಿದ್ದದ್ದಿಲ್ಲ. ಬಿದ್ದದ್ದು ಅಂಗೈಯಗಲದ ಮರಿಮೀನುಗಳು, ಪ್ರೆಶರ್ ಕುಕ್ಕರಿನ ಮುಚ್ಚಳ, ಎಡಗಾಲಿನ ಒಂದು ಸೇಫ್ಟಿ ಶೂ, ಒಮ್ಮೆ ಮಕ್ಕಳ ಮೂರು ಗಾಲಿಯ ಸೈಕಲ್. ಆದರೆ ಶರೀಫನ ಬಾಯಲ್ಲಿ ಎಲ್ಲ ಮರಿಗಳೂ ದೊಡ್ಡವಾಗುತ್ತಿದ್ದವು. ‘ಇಷ್ಟುದ್ದ ಇತ್ತು, ದಾರ ಕಡ್ಕೊಂಡು ಹೋಯ್ತು’ ಎಂದು ಎರಡು ಕೈ ಅಗಲಿಸಿದನೆಂದರೆ ಪಕ್ಕದಲ್ಲಿ ಕುಳಿತವರು ಮೂಗು ಉಳಿಸಿಕೊಳ್ಳಲು ಹಿಂದೆ ಸರಿಯಬೇಕು. ಸಲ್ಮಾಬಾದಿನಲ್ಲಿ ಅವನದು ಗಾಡಿಗಳ ಬಿಡಿಭಾಗದ ಅಂಗಡಿ. ಎದುರಿನ ಗ್ಯಾರೇಜಿನ ಮ್ಯಾನೇಜರ್ ಪ್ರೇಮನಾಥ. ಇವನ ಊರು ಸುರತ್ಕಲ್, ಶರೀಫನದು ಅಲ್ಲೇ ಪಕ್ಕದ ಕೃಷ್ಣಾಪುರ. ಊರಲ್ಲಿ ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಇಲ್ಲಿ ಬಂದ ಮೇಲೆ ಒಬ್ಬರನ್ನು ಬಿಟ್ಟು ಒಬ್ಬರಿಲ್ಲ.

ಈ ಚಳಿಗಾಲ ಮಾತ್ರ ಎಲ್ಲ ಅಡಿಮೇಲಾಗಿತ್ತು.

ಸೆಪ್ಟೆಂಬರಿನ ಸೆಕೆಯಲ್ಲಿ ಒಂದು ಮಧ್ಯಾಹ್ನ ಶರೀಫ್ ಅಂಗಡಿಯ ಕೌಂಟರಿನ ಹಿಂದೆ ಎದೆ ಹಿಡಿದುಕೊಂಡು ಕುಸಿದ. ಪ್ರೇಮನಾಥನೇ ಓಡಿಹೋಗಿ ಅವನನ್ನು ಗ್ಯಾರೇಜಿನ ಪಿಕಪ್ಪಿನಲ್ಲಿ ಮಲಗಿಸಿ ಆಸ್ಪತ್ರೆಗೆ ಮುಟ್ಟಿಸಿದ್ದು. ಎದೆ ಸೀಳಿ ಬೈಪಾಸ್ ಮಾಡಿದರು. ಒಳಗೆ ಶರೀಫ್, ಹೊರಗಿನ ಬೆಂಚಿನ ಮೇಲೆ ಅವನ ಹೆಂಡತಿ ಝೈನಬ ತಸ್ಬೀಹ್ ಮಣಿ ಎಣಿಸುತ್ತ, ಗೋಡೆಗೊರಗಿ ಪ್ರೇಮನಾಥ. ಅವನಿಗೆ ಎಣಿಸಲು ಮಣಿಯೂ ಇರಲಿಲ್ಲ, ಸರಿಯಾಗಿ ಒಂದು ಮಂತ್ರವೂ ಬರುತ್ತಿರಲಿಲ್ಲ. ಊರಿನಲ್ಲಿ ಪ್ರತಿವರ್ಷ ಕಪ್ಪು ಬಟ್ಟೆ ತೊಟ್ಟು ಶಬರಿಮಲೆಗೆ ಹೋಗುತ್ತಿದ್ದ ಮಾವನ ನೆನಪಾಯಿತು. ‘ಅಯ್ಯಪ್ಪಾ, ಇವರನ್ನು ವಾಪಸು ಕಳಿಸು. ಈ ವರ್ಷ ಮಾಲೆ ಹಾಕಿ ಬೆಟ್ಟ ಹತ್ತಿ ಬರ್ತೇನೆ’ ಎಂದುಬಿಟ್ಟ. ಹೇಳಿದ ಮೇಲೆಯೇ ಅವನಿಗೆ ಹೊಳೆದದ್ದು, ಮಾಲೆ ಎಂದರೆ ಚಳಿಗಾಲ, ಚಳಿಗಾಲ ಎಂದರೆ ಮೀನು.

ಶರೀಫ್ ವಾಪಸು ಬಂದ. ನವೆಂಬರಿನಲ್ಲಿ ಪ್ರೇಮನಾಥ ಮಾಲೆ ಹಾಕಿಕೊಂಡ.

ಮೀನಿಲ್ಲದೆ ಒಂದು ತುತ್ತು ಗಂಟಲಲ್ಲಿಳಿಯದ ಗಂಡಸು ಎರಡು ಹೊತ್ತು ತಣ್ಣೀರು ಸ್ನಾನ ಮಾಡಿ, ಸಪ್ಪೆ ಸಾರು ಉಂಡು, ಬರಿಗಾಲಲ್ಲಿ ಗ್ಯಾರೇಜಿಗೆ ಹೋಗುವುದನ್ನು ನೋಡಿ ಗುರುತಿನವರೆಲ್ಲ ಬೆರಗಾದರು. ಯಾಕೆಂದು ಗೊತ್ತಿದ್ದದ್ದು ಅವನ ಹೆಂಡತಿ ಉಷಾಲತಾಳಿಗೆ ಮಾತ್ರ. ಹರಕೆ ತೀರುವ ತನಕ ಅದು ಯಾರಿಗಾಗಿ ಎಂದು ಬಾಯಿಬಿಡಬಾರದು ಎಂಬುದು ಅವನ ಅಮ್ಮನ ಮನೆಯ ಪದ್ಧತಿ. ಬಿಟ್ಟರೆ, ಅಥವಾ ವ್ರತ ಕೆಟ್ಟರೆ, ಬೇಡಿಕೊಂಡವರಿಗೆ ಏನಾದೀತೋ ಎಂಬ ಹೆದರಿಕೆ ಅವನಿಗಿತ್ತು. ಗ್ಯಾರೇಜಿನಲ್ಲಿ ಕಂಪ್ಯೂಟರ್ ನೋಡಿ ಲೆಕ್ಕ ಹಾಕುವ ಮನುಷ್ಯನಿಗೆ ಇದೆಂಥ ಹೆದರಿಕೆ ಎಂದು ನಾವು ನಗಬಹುದು. ಆಪರೇಷನ್ ಥಿಯೇಟರಿನ ಹೊರಗೆ ಗೋಡೆಗೊರಗಿ ನಿಂತವರು ನಗಲಾರರು.

ಶರೀಫನಿಗೋ ಸಿಟ್ಟು. ‘ನಾನು ಸಾಯ್ಲಿಕ್ಕೆ ಹೋಗಿ ಬಂದವ ಬೀಡಿ ಬಿಟ್ಟು ಸುಮ್ನೆ ಇದ್ದೇನೆ. ಏನೂ ಆಗದವ ನೀನು ಸನ್ಯಾಸಿ ಆದದ್ದೆಂತ?’ ಎಂದು ದಿನಾ ರಾಗ ಎಳೆಯುತ್ತಿದ್ದ. ಡಾಕ್ಟರು ಅವನಿಗೆ ಭಾರ ಎತ್ತಬಾರದು, ಎಳೆಯಬಾರದು ಎಂದಿದ್ದರು. ಅಂಗಡಿಯಲ್ಲಿ ಒಂದು ಬ್ಯಾಟರಿ ಅಲುಗಿಸಲು ಹೋದರೂ ಕೆಲಸದವರು ಓಡಿಬಂದು ಕಸಿದುಕೊಳ್ಳುತ್ತಿದ್ದರು. ‘ನನ್ನನ್ನು ಶೋಕೇಸಿನಲ್ಲಿ ಇಟ್ಟುಬಿಡಿ’ ಎಂದು ಅವನು ನಗುತ್ತಲೇ ಹೇಳುತ್ತಿದ್ದರೂ ಆ ನಗು ಸರಿಯಾದ ನಗುವಲ್ಲವೆಂದು ಪ್ರೇಮನಾಥನಿಗೆ ತಿಳಿಯುತ್ತಿತ್ತು.

ಜನವರಿ ಮೊದಲ ಶುಕ್ರವಾರ, ಜುಮ್ಮಾ ಮುಗಿಸಿ ಬಂದ ಶರೀಫ್ ಹಟ ಹಿಡಿದ. ಕೆರೆಗೆ ಹೋಗಲೇಬೇಕು. ಜಿಂಜ್ ಬಡಾವಣೆಯ ಅವನ ಫ್ಲಾಟಿನ ಬಾಗಿಲಲ್ಲಿ ಝೈನಬ ಸೊಂಟಕ್ಕೆ ಕೈಯಿಟ್ಟು ನಿಂತಳು.

‘ಹೋಗುವುದಾದರೆ ಪ್ರೇಮಣ್ಣನ ಒಟ್ಟಿಗೆ. ಗಾಳ ಹಾಕಿ ಕೂತ್ಕೊಳ್ಳಿ, ಅಷ್ಟೇ. ದೊಡ್ಡದು ಎಂತಾದ್ರೂ ಬಿದ್ರೆ ನೀವು ಎಳೀಲಿಕ್ಕಿಲ್ಲ. ಸ್ವಾಮೀ, ಮಾಲೆ ಮುಟ್ಟಿ ಹೇಳಿ, ಇವರನ್ನು ಎಳೀಲಿಕ್ಕೆ ಬಿಡುವುದಿಲ್ಲ ಅಂತ.’

ಮಾಲೆ ಹಾಕಿದವರನ್ನು ಸ್ವಾಮಿ ಎಂದೇ ಕರೆಯಬೇಕು. ಝೈನಬ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಮೀನು ಮುಟ್ಟಿದ ಪಾತ್ರೆಯಲ್ಲಿ ಸ್ವಾಮಿಗೆ ಚಹಾ ಕೊಡಬಾರದೆಂದು ಹೊಸ ಕೆಟಲ್, ಹೊಸ ಗ್ಲಾಸು ತಂದು ಬೇರೆಯೇ ಇಟ್ಟಿದ್ದಳು.

‘ಬಿಡುವುದಿಲ್ಲ ಝೈನಬಕ್ಕ’ ಎಂದು ಪ್ರೇಮನಾಥ ಮಾಲೆ ಮುಟ್ಟಿದ.

‘ದೊಡ್ಡದು ಬಿದ್ರೆ ಅಲ್ವಾ!’ ಎಂದಳು ಒಳಗಿದ್ದ ಉಷಾಲತಾ. ರಾತ್ರಿ ಊಟಕ್ಕೆ ಎಲ್ಲರೂ ಶರೀಫನ ಮನೆಯಲ್ಲೇ ಸೇರುವುದೆಂದು ಆಗಿತ್ತು. ಮಿಕ್ಸಿಯಲ್ಲಿ ಮೀನಿನ ಮಸಾಲೆ ತಿರುಗುತ್ತಿತ್ತು. ಅದು ಶರೀಫನ ಮೇಲಿನ ನಂಬಿಕೆಯಿಂದಲ್ಲ, ಫ್ರಿಜ್ಜಿನಲ್ಲಿ ಮೊಟ್ಟೆ ಇದ್ದ ಧೈರ್ಯದಿಂದ.

ಕೆರೆಯ ಕಟ್ಟೆಯ ಮೇಲೆ ಗಾಳಿ ತಣ್ಣಗೆ ಕೊರೆಯುತ್ತಿತ್ತು. ಶರೀಫ್ ಉಣ್ಣೆ ಟೊಪ್ಪಿ, ಜಾಕೆಟ್ಟು, ಅದರ ಮೇಲೆ ಝೈನಬಳ ಶಾಲು ಸುತ್ತಿಕೊಂಡು ಮಡಚುವ ಕುರ್ಚಿಯಲ್ಲಿ ಮದುಮಗನ ಹಾಗೆ ಕುಳಿತಿದ್ದ. ಪ್ರೇಮನಾಥ ಕಪ್ಪು ಪಂಚೆ, ಕಪ್ಪು ಅಂಗಿ, ಬರಿಗಾಲು. ಕಲ್ಲು ಮಂಜುಗಡ್ಡೆಯಾಗಿತ್ತು. ಅವನು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು, ಮತ್ತೆ ಬದಲಿಸಿ, ಕೊಕ್ಕರೆಯಾಗಿದ್ದ.

‘ನಿನ್ನ ಕೋಲು ತರಲಿಲ್ವಾ?’

‘ನಾನು ಜೀವ ತೆಗೀಲಿಕ್ಕಿಲ್ಲ ಶರೀಫಾಕ, ಗೊತ್ತುಂಟಲ್ಲ.’

‘ಹಾಗಾದ್ರೆ ನೆಲಗಡಲೆ ತಿನ್ನು. ಮೀನು ಬಂದ್ರೆ ಅದಕ್ಕೂ ಎರಡು ಕೊಡು.’

ಬೊಂಡಾಸ್ ಮೀನಿನ ತುಂಡು ಚುಚ್ಚಿ ಶರೀಫ್ ಗಾಳ ಎಸೆದ. ಎಸೆಯುವುದಕ್ಕೆ ಡಾಕ್ಟರು ಬೇಡವೆಂದಿರಲಿಲ್ಲ. ಕೇಳಿದ್ದರೆ ಖಂಡಿತ ಅನ್ನುತ್ತಿದ್ದರು, ಅದಕ್ಕೇ ಅವನು ಕೇಳಿರಲಿಲ್ಲ. ಆಮೇಲೆ ಇಬ್ಬರೂ ಕಾದರು. ಮೀನು ಹಿಡಿಯುವುದೆಂದರೆ ಹೆಚ್ಚಿನ ಪಾಲು ಹರಟೆಯೇ. ಶರೀಫ್ ಆಸ್ಪತ್ರೆಯ ಗಂಜಿಯನ್ನು ಬೈದ, ಪ್ರೇಮನಾಥ ತನ್ನ ಮನೆಯ ಸಪ್ಪೆ ಸಾರನ್ನು ಬೈಯಲಾಗದೆ ನುಂಗಿಕೊಂಡ. ಒಮ್ಮೆ ದಾರ ಬಿಗಿಯಾಗಿ, ಎಳೆದರೆ ಒಂದು ಪ್ಲಾಸ್ಟಿಕ್ ಚೀಲ ಬಂತು. ‘ಲೂಲು ಮೀನು’ ಎಂದು ಶರೀಫ್ ಚೀಲದ ಮೇಲಿನ ಸೂಪರ್‌ಮಾರ್ಕೆಟ್ಟಿನ ಹೆಸರು ಓದಿದ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಎಷ್ಟೋ ತಿಂಗಳ ಮೇಲೆ ಅವನು ಹಾಗೆ ನಕ್ಕದ್ದನ್ನು ಕಂಡು ಪ್ರೇಮನಾಥನಿಗೆ ಚಳಿಯೂ ಮರೆತುಹೋಯಿತು.

ಸೂರ್ಯ ಮುಳುಗಿ, ದೂರದ ಮಸೀದಿಯಿಂದ ಮಗ್ರಿಬಿನ ಬಾಂಗು ಕೇಳಿಸಿತು. ಶರೀಫ್ ಬಾಟಲಿ ನೀರಿನಲ್ಲಿ ಕೈಕಾಲು ಮುಖ ತೊಳೆದು ವುಝೂ ಮಾಡಿ, ಕುರ್ಚಿಯನ್ನು ಕಾಬಾದ ದಿಕ್ಕಿಗೆ ತಿರುಗಿಸಿದ. ಆಪರೇಷನ್ ಆದಂದಿನಿಂದ ಅವನ ನಮಾಝು ಕುರ್ಚಿಯಲ್ಲೇ.

‘ಕೋಲು ಕಲ್ಲಿಗೆ ಒರಗಿಸಿದ್ದೇನೆ. ಸುಮ್ನೆ ನೋಡ್ತಾ ಇರು. ನೋಡಿದ್ರೆ ವ್ರತ ಕೆಡುವುದಿಲ್ಲ ಅಲ್ವಾ?’

‘ಇಲ್ಲ, ಇಲ್ಲ. ನೀವು ಮಾಡಿ.’

ಶರೀಫ್ ಕೈಕಟ್ಟಿ ಕಣ್ಣು ತಗ್ಗಿಸಿದ. ಆ ಸುಬೈತಿಗೆ ಬರಲು ಅದೇ ಹೊತ್ತು ಬೇಕಿತ್ತು.

ಕೋಲಿನ ತುದಿ ಒಮ್ಮೆ ಅಲುಗಿತು. ಪ್ರೇಮನಾಥ ನೋಡಿದ, ಅವನ ಕೆಲಸ ನೋಡುವುದಷ್ಟೇ. ಇನ್ನೊಮ್ಮೆ ಅಲುಗಿತು. ಮೂರನೆಯ ಸಲಕ್ಕೆ ಕೋಲು ಬಿಲ್ಲಿನಂತೆ ಬಗ್ಗಿ, ಕಲ್ಲಿನಿಂದ ಜಾರಿ ನೀರಿನ ಕಡೆ ಸರ್ರನೆ ಹೊರಟಿತು. ಆ ಕೋಲು ಶರೀಫನ ಮಗಳು ಹುದಾ ತನ್ನ ಮೊದಲ ಸಂಬಳದಲ್ಲಿ ಅಪ್ಪನಿಗೆ ಕೊಡಿಸಿದ್ದು. ಪ್ರೇಮನಾಥ ಏನೂ ಯೋಚಿಸಲಿಲ್ಲ. ಹಾರಿ ಹಿಡಿದುಕೊಂಡ.

ಹಿಡಿದ ಮೇಲೆ ಯೋಚನೆ ಬಂತು. ರೀಲು ಕಿರುಚುತ್ತ ದಾರ ಬಿಚ್ಚಿಕೊಳ್ಳುತ್ತಿತ್ತು. ಆ ಕಡೆ ಇದ್ದದ್ದು ಕುಕ್ಕರಿನ ಮುಚ್ಚಳವಲ್ಲ. ‘ಸ್ವಾಮಿಯೇ ಶರಣಮಯ್ಯಪ್ಪಾ!’ ಎಂದು ಅವನ ಬಾಯಿಂದ ತಾನಾಗಿ ಹೊರಟಿತು. ಹಿಂದೆ ತಿರುಗಿ ನೋಡಿದರೆ ಶರೀಫನ ತುಟಿಗಳು ಆಡುತ್ತಿದ್ದವು. ನಮಾಝಿನ ನಡುವೆ ಮಾತಾಡಿಸುವಂತಿಲ್ಲ. ಕಿವಿ ಮಾತ್ರ ಕೆಂಪಗಾಗಿ ನೆಟ್ಟಗೆ ನಿಂತ ಹಾಗಿತ್ತು. ರೀಲಿನ ಆ ಸದ್ದು ಏನೆಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಎಷ್ಟು ಚಳಿಗಾಲ ಕಾದದ್ದು ಅದಕ್ಕಾಗಿ! ಆದರೂ ಅವನು ಒಂದಕ್ಷರವನ್ನೂ ನುಂಗಲಿಲ್ಲ, ಒಂದು ರಕಾತಿನ ಸುತ್ತನ್ನೂ ಓಡಿಸಲಿಲ್ಲ. ಪ್ರೇಮನಾಥ ಬರಿಗಾಲನ್ನು ಎರಡು ಕಲ್ಲುಗಳ ನಡುವೆ ಸಿಕ್ಕಿಸಿಕೊಂಡು, ‘ನಾನು ಹಿಡೀತಾ ಇಲ್ಲ, ಕೋಲು ಕಾಯ್ತಾ ಇದ್ದೇನೆ ಅಷ್ಟೇ’ ಎಂದು ದೇವರಿಗೆ ಸಮಜಾಯಿಷಿ ಕೊಡುತ್ತ ನಿಂತ.

ಎಡಕ್ಕೆ ಮುಖ ತಿರುಗಿಸಿ ನಮಾಝಿನ ಕೊನೆಯ ಸಲಾಂ ಮುಗಿಯಿತೋ ಇಲ್ಲವೋ, ಶರೀಫ್ ಶಾಲು ಕಿತ್ತೆಸೆದು ಬಂದ.

‘ಕೊಡು ಇಲ್ಲಿ!’

‘ಇಲ್ಲ.’

‘ಕೊಡು ಮಾರಾಯಾ! ನಿನ್ನ ವ್ರತ ಕೆಡ್ತದೆ!’

‘ನಿಮ್ಮ ಎದೆ ಹರೀತದೆ! ದೂರ ನಿಲ್ಲಿ. ಚಾಕು ತನ್ನಿ, ದಾರ ಕಡಿಯುವ.’

ಶರೀಫ್ ಅಲ್ಲೇ ನಿಂತುಬಿಟ್ಟ. ಅವನ ಮುಖದ ಮೇಲೆ ಸಂಜೆಯ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಬ್ಯಾಟರಿ ಕಸಿದುಕೊಂಡಾಗಲೆಲ್ಲ ಕಾಣಿಸುತ್ತಿದ್ದ ಅದೇ ಮುಖ. ‘ಕಡಿ’ ಎಂದ ಮೆಲ್ಲಗೆ. ‘ನನ್ನಿಂದ ಇನ್ನು ಎಂತ ಆಗ್ತದೆ?’ ಆಮೇಲೆ ಇದ್ದಕ್ಕಿದ್ದಂತೆ ಮತ್ತೆ ಕೋಲಿಗೆ ಕೈಹಾಕಿದ. ‘ಇಲ್ಲ, ನಾನೇ ಎಳೀತೇನೆ! ನನ್ನ ಎದೆಯ ಚಿಂತೆ ನಿನಗೆ ಯಾಕೆ? ನೀನು ನಿನ್ನ ಮಾಲೆ ನೋಡ್ಕೊ!’

‘ಮಾಲೆ ಯಾರಿಗೋಸ್ಕರ ಹಾಕಿದ್ದು ಅಂತ ಮಾಡಿದ್ದೀರಿ?’ ಪ್ರೇಮನಾಥ ಕಿರುಚಿದ. ‘ನಿಮಗೇ ಏನಾದ್ರೂ ಆದ್ರೆ ಈ ಕಪ್ಪು ಬಟ್ಟೆ ಉಟ್ಟು ನಾನು ಎಲ್ಲಿಗೆ ಹೋಗ್ಲಿ?’

ಮಾತು ಜಾರಿಹೋಗಿತ್ತು. ಇನ್ನು ವಾಪಸು ಬರುವ ಹಾಗಿರಲಿಲ್ಲ. ಶರೀಫನ ಕೈ ಕೋಲಿನಿಂದ ತಾನಾಗಿ ಬಿಟ್ಟಿತು. ಅವನು ನಾಲ್ಕು ಹೆಜ್ಜೆ ಹಿಂದೆ ಹೋಗಿ ಕುರ್ಚಿಯಲ್ಲಿ ಕುಳಿತ, ಹೇಳಿದ ಮಾತು ಕೇಳುವ ಮಗುವಿನ ಹಾಗೆ.

ಪ್ರೇಮನಾಥ ಆಗಲೇ ನಿಶ್ಚಯ ಮಾಡಿದ್ದು. ವ್ರತ ಶರೀಫಾಕನಿಗಾಗಿ. ಅದನ್ನು ಉಳಿಸಿಕೊಳ್ಳಲು ಶರೀಫಾಕನನ್ನೇ ಎಳೆಯಲು ಬಿಟ್ಟರೆ ಅದೆಂಥ ವ್ರತ? ದಾರ ಕಡಿದು ಆ ಮುಖವನ್ನು ಮನೆಗೆ ಕರೆದುಕೊಂಡು ಹೋಗುವುದೂ ತನ್ನಿಂದಾಗದು. ಪಾಪ ಬಂದರೆ ತನಗೇ ಬರಲಿ. ‘ತಪ್ಪಾದ್ರೆ ನನ್ನನ್ನು ನೋಡ್ಕೊ, ಇವರನ್ನು ಬಿಡು’ ಎಂದು ಮನಸ್ಸಿನಲ್ಲೇ ಹೇಳಿ ರೀಲಿನ ಹಿಡಿ ತಿರುಗಿಸಿದ.

‘ಈಗ ಬೇಡ, ಓಡ್ಲಿಕ್ಕೆ ಬಿಡು’ ಎಂದ ಹಿಂದಿನಿಂದ ಶರೀಫ್. ದನಿ ಒದ್ದೆಯಾಗಿತ್ತು. ‘ಹಾಂ, ನಿಂತಿತು. ಸುತ್ತು, ಸುತ್ತು. ಕೋಲು ಮೇಲೆತ್ತು ಸ್ವಾಮೀ! ಕಲ್ಲಿನ ಹತ್ರ ಹೋಗ್ಲಿಕ್ಕೆ ಬಿಡಬೇಡ, ದಾರ ಹರೀತದೆ!’

ಎಷ್ಟು ಹೊತ್ತಾಯಿತೋ. ಪ್ರೇಮನಾಥನ ತೋಳು ಸೋತು, ಪಂಚೆ ಮೊಣಕಾಲಿಗೇರಿ, ಚಳಿಯಲ್ಲೂ ಬೆವರು ಇಳಿಯಿತು. ಕೊನೆಗೆ ಕಟ್ಟೆಯ ಬುಡದಲ್ಲಿ ನೀರು ಸೀಳಿ ಬೆಳ್ಳಗೆ ಹೊರಳಿತು ಅದು. ಸುಬೈತಿ! ಬೆಳೆದ ನಾಯಿಮರಿಯಷ್ಟು ದಪ್ಪ. ಉದ್ದ ಹಿಡಿಯ ಬಲೆ ತೆಗೆದುಕೊಂಡು ಶರೀಫ್ ಕೆಳಗಿನ ಕಲ್ಲಿಗೆ ಇಳಿದ. ‘ಬಲೆ ಒಡ್ಡಬಾರದು ಅಂತ ಡಾಕ್ಟ್ರು ಹೇಳ್ಲಿಲ್ಲ’ ಎಂದು ಮೊದಲೇ ಬಾಯಿ ಮುಚ್ಚಿಸಿದ. ಅವನು ಒಡ್ಡಿದ, ಪ್ರೇಮನಾಥ ಬಲೆಯ ಹಿಡಿಯನ್ನು ಮೇಲಿನಿಂದ ಹಿಡಿದು ಭಾರ ಹೊತ್ತ.

ಬಲೆಯಲ್ಲಿ ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಶರೀಫ್ ಅದನ್ನು ನೋಡಿದ. ಎಷ್ಟೋ ವರ್ಷ ಸುಳ್ಳುಸುಳ್ಳೇ ಅಗಲಿಸಿದ ಆ ಎರಡು ಕೈಗಳ ನಡುವೆ ಈಗ ನಿಜವಾಗಿಯೂ ಇತ್ತು. ಕೈ ಒದ್ದೆ ಮಾಡಿಕೊಂಡು, ತುಟಿಯಿಂದ ಗಾಳ ಬಿಡಿಸಿದ. ಬಿಡಿಸಿ ಬಕೆಟ್ಟಿನ ಕಡೆಗಲ್ಲ, ನೀರಿನ ಕಡೆಗೆ ಬಗ್ಗಿದ.

‘ಶರೀಫಾಕ! ಎಂತ ಮಾಡ್ತೀರಿ?’

‘ಜೀವ ಹೋಗದಿದ್ರೆ ವ್ರತ ಕೆಡ್ಲಿಲ್ಲ ಅಲ್ವಾ?’

‘ನೀವು ಇಷ್ಟು ವರ್ಷ ಇದಕ್ಕೇ ಕಾದದ್ದು…’

‘ನನ್ನನ್ನೂ ಇನ್ನೇನು ಎಳೆದು ಆಯ್ತು ಅನ್ನುವಾಗ ವಾಪಸು ಬಿಟ್ಟದ್ದಲ್ವಾ’ ಎಂದ ಶರೀಫ್. ಮೀನನ್ನು ನೀರಿನಲ್ಲಿ ಮಗುವಿನ ಬೆನ್ನಿಗೆ ಕೈಕೊಟ್ಟ ಹಾಗೆ ಹಿಡಿದಿದ್ದ. ಬಾಲ ಒಮ್ಮೆ ಅಲುಗಿತು. ಮತ್ತೊಮ್ಮೆ ಬಲವಾಗಿ ಹೊಡೆದು, ಅವನ ಮುಖಕ್ಕೆ ನೀರು ಸಿಡಿಸಿ, ಸುಬೈತಿ ಕತ್ತಲ ನೀರಿಗಿಳಿದು ಹೋಯಿತು. ಶರೀಫ್ ಮುಖ ಒರೆಸಿಕೊಂಡ. ಸಮುದ್ರದ ನೀರಿಗಿಂತ ಸ್ವಲ್ಪ ಹೆಚ್ಚೇ ಒರೆಸಿಕೊಂಡ.

ಪ್ರೇಮನಾಥನಿಗೂ ಅಳು ಬಂತು. ಮಾಲೆ ಹಾಕಿದವರು ಅಳಬಾರದೆಂದು ಯಾರೂ ಹೇಳಿರಲಿಲ್ಲ, ಹಾಗಾಗಿ ಅತ್ತ.

ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ ಶರೀಫ್ ತಲೆ ಚಚ್ಚಿಕೊಂಡ. ‘ಫೋಟೋ!’

‘ಅಯ್ಯೋ ದೇವರೇ’ ಎಂದ ಪ್ರೇಮನಾಥ. ಅವನ ಫೋನು ಉದ್ದಕ್ಕೂ ಅಂಗಿಯ ಜೇಬಿನಲ್ಲೇ ಇತ್ತು.

‘ಇನ್ನು ಯಾರು ನಂಬ್ತಾರೆ?’

‘ನಂಬದಿದ್ರೆ ಬೇಡ. ಒಂದು ಮಾತು ಶರೀಫಾಕ. ಹರಕೆಯ ವಿಷಯ ನಾನು ಬೆಟ್ಟ ಇಳಿದು ಬರುವ ತನಕ ಯಾರ ಹತ್ರವೂ ಹೇಳ್ಬೇಡಿ. ನಿಮಗೇ ಹೇಳಬಾರದಿತ್ತು.’

‘ನನ್ನ ಬಾಯಿಗೆ ಬೀಗ’ ಎಂದ ಶರೀಫ್. ಹಾಗೆಂದವನಿಗೆ ಅದೆಷ್ಟು ಕಷ್ಟದ ಕೆಲಸವೆಂದು ಜಿಂಜಿನ ಮನೆ ಸೇರಿದ ಮೇಲೆ ತಿಳಿಯಿತು.

ಊಟಕ್ಕೆ ಗೆಳೆಯ ಎಡ್ಮಂಡನೂ ಬಂದಿದ್ದ. ಅವನೂ ಊರ ಕಡೆಯ ಕುಲಶೇಖರದವನು, ಮೀನಾ ಸಲ್ಮಾನ್ ಬಂದರಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಶರೀಫನ ಮೀನುಗಳನ್ನು ಗೇಲಿ ಮಾಡುವುದು ಅವನಿಗೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಒಣಗಿದ ಬಕೆಟ್ಟಿನೊಳಗೆ ಇಣುಕಿದವನೇ ಸೋಫಾದ ಮೇಲೆ ಉರುಳಾಡಿದ.

‘ದೊಡ್ಡ ಸುಬೈತಿ! ಹಿಡಿದು ವಾಪಸು ಬಿಟ್ಟದ್ದು! ಶರೀಫ್ ಭಾಯ್, ಬೆರಳುದ್ದದ ಮೀನನ್ನೂ ಮನೆಗೆ ತಂದವರು ನೀವು. ಯಾಕೆ ಬಿಟ್ರಿ, ಅದಕ್ಕೆ ವೀಸಾ ಇರ್ಲಿಲ್ವಾ?’

ಶರೀಫ್ ಬಾಯಿ ತೆರೆದ, ಪ್ರೇಮನಾಥನ ಕಡೆ ನೋಡಿದ, ಬಾಯಿ ಮುಚ್ಚಿದ. ಬುರುಡೆ ಬಿಡುವಾಗ ಎಂದೂ ತಡವರಿಸದವನು ಜೀವಮಾನದಲ್ಲಿ ಮೊದಲ ಸಲ ನಿಜ ಹೇಳುತ್ತ ಬೆವರಿದ.

ಅಡುಗೆಮನೆಯ ಬಾಗಿಲಲ್ಲಿ ಝೈನಬ ಕಾಣಿಸಿಕೊಂಡಳು. ಕೈಯಲ್ಲಿ ಮಸಾಲೆಯ ಸೌಟು. ಅವಳಿಗೆ ಮೀನಿನ ಉದ್ದ ಬೇಕಿರಲಿಲ್ಲ.

‘ಸ್ವಾಮೀ, ನೀವು ಹೇಳಿ. ಮಾಲೆಯಲ್ಲಿದ್ದೀರಿ, ಸುಳ್ಳು ಹೇಳ್ಲಿಕ್ಕಿಲ್ಲ. ಮೀನು ಬಿತ್ತಾ?’

‘ಬಿತ್ತು ಅಕ್ಕ.’

ಸೋಫಾದ ಮೇಲಿನ ನಗು ನಿಂತಿತು. ಎಡ್ಮಂಡ್ ನೆಟ್ಟಗೆ ಕುಳಿತ.

‘ಎಳೆದದ್ದು ಯಾರು?’

‘ನಾನೇ ಅಕ್ಕ. ಇವರನ್ನು ಮುಟ್ಲಿಕ್ಕೆ ಬಿಡ್ಲಿಲ್ಲ.’

‘ಮಾಲೆಯಲ್ಲಿದ್ದು ನೀವು ಮೀನು ಎಳೆದದ್ದಾ? ಯಾಕೆ?’

ಪ್ರೇಮನಾಥ ತಲೆ ತಗ್ಗಿಸಿದ. ಸುಳ್ಳು ಹೇಳುವಂತಿಲ್ಲ, ನಿಜ ಹೇಳುವಂತಿಲ್ಲ. ಉಷಾಲತಾ ಗಂಡನನ್ನೊಮ್ಮೆ ನೋಡಿ ಬೇಗನೆ ಕಿಟಕಿಯ ಕಡೆ ತಿರುಗಿದಳು. ಝೈನಬ ಅವಳನ್ನು ನೋಡಿದಳು. ಕಪ್ಪು ಅಂಗಿಯ ಮೇಲಿನ ತುಳಸಿಮಣಿಗಳನ್ನು ನೋಡಿದಳು. ಆಮೇಲೆ ತನ್ನ ಗಂಡನನ್ನು ನೋಡಿದಳು. ಅವನ ಕಣ್ಣುಗಳು ಕೆಂಪಗಿದ್ದವು. ಆಸ್ಪತ್ರೆಯ ಬೆಂಚು, ಗೋಡೆಗೊರಗಿ ನಿಂತಿದ್ದ ಮನುಷ್ಯ, ಅವನ ಅಲುಗುತ್ತಿದ್ದ ತುಟಿ ಅವಳಿಗೆ ನೆನಪಾಗಿರಬೇಕು. ಒಳಗೆ ಹೋದವಳು ಹೊಸ ಕೆಟಲಿನಿಂದ ಹೊಸ ಗ್ಲಾಸಿಗೆ ಚಹಾ ಬಗ್ಗಿಸಿ ತಂದು, ಎರಡೂ ಕೈಯಲ್ಲಿ ಹಿಡಿದು ಪ್ರೇಮನಾಥನ ಮುಂದೆ ನೀಡಿದಳು.

‘ಕುಡಿಯಿರಿ ಪ್ರೇಮಣ್ಣ’ ಎಂದಳು. ಸ್ವಾಮಿ ಎನ್ನುವುದನ್ನು ಅವಳು ಮರೆತದ್ದು ಅದೊಂದೇ ಸಲ. ‘ಕಾಲು ತಣ್ಣಗಾಗಿದ್ದೀತು.’

ಎಡ್ಮಂಡನ ಒಳಗಿನ ಹುಳ ಮಾತ್ರ ಸುಮ್ಮನಿರಲಿಲ್ಲ.

‘ಅದೆಲ್ಲ ಸರಿ. ಎಷ್ಟು ದೊಡ್ಡದು?’

ಶರೀಫನ ಮುಖ ಅರಳಿತು. ಇದನ್ನು ಹೇಳಬಾರದೆಂದು ಯಾರೂ ಮಾತು ತೆಗೆದುಕೊಂಡಿರಲಿಲ್ಲ. ಎದ್ದು ನಿಂತು ಎರಡೂ ಕೈ ಅಗಲಿಸಿದ. ಎಡಗೈ ಕಿಟಕಿಯ ಪರದೆಗೆ ತಾಗಿತು, ಬಲಗೈ ಎಡ್ಮಂಡನ ಕನ್ನಡಕಕ್ಕೆ.

‘ಸ್ವಾಮೀ?’ ಎಂದ ಎಡ್ಮಂಡ್.

ಪ್ರೇಮನಾಥ ಚಹಾ ಕೆಳಗಿಟ್ಟು ಎದ್ದ. ಶರೀಫನ ಎರಡು ಕೈಗಳನ್ನೂ ಹಿಡಿದು ನಿಧಾನವಾಗಿ ಒಳಗೆ ತಂದ. ಇನ್ನೂ ತಂದ. ಶರೀಫನ ಮುಖ ಸಣ್ಣದಾಗುತ್ತ ಬಂತು. ಆದರೆ ಒಂದು ಕಡೆ ಪ್ರೇಮನಾಥ ನಿಲ್ಲಿಸಿದ. ಎಲ್ಲರೂ ನೋಡಿದರು. ಆ ಕೈಗಳ ನಡುವೆ ಉಳಿದ ಜಾಗವೂ ಸಣ್ಣದಾಗಿರಲಿಲ್ಲ. ಎಡ್ಮಂಡ್ ಕನ್ನಡಕ ಸರಿ ಮಾಡಿಕೊಂಡು ಇನ್ನೊಮ್ಮೆ ನೋಡಿದ.

‘ಇಷ್ಟು’ ಎಂದ ಪ್ರೇಮನಾಥ. ‘ಅಯ್ಯಪ್ಪನಾಣೆ, ಇಷ್ಟು.’

ಶರೀಫ್ ತನ್ನ ಕೈಗಳನ್ನು ಅಲುಗಿಸದೆ, ಆ ಅಳತೆಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ಮೆಲ್ಲಗೆ ಕೇಳಿದ.

‘ಬಾಲ ಲೆಕ್ಕಕ್ಕೆ ತಗೊಂಡಿದ್ದೀಯಾ?’

ಪ್ರೇಮನಾಥ ಕಣ್ಣು ಮುಚ್ಚಿ, ಮಾಲೆಯ ಮೇಲೆ ಒಂದು ಕೈಯಿಟ್ಟು, ಕೆರೆಯ ನೀರಿನಲ್ಲಿ ಮೀನು ಹೊರಳಿದ್ದನ್ನು ಇನ್ನೊಮ್ಮೆ ನೆನೆದ. ಕಣ್ಣು ತೆರೆದು, ಗೆಳೆಯನ ಬಲಗೈಯನ್ನು ನಾಲ್ಕು ಬೆರಳಿನಷ್ಟು ಹೊರಗೆ ಸರಿಸಿದ.